ಮಗು ಸೊಪ್ಪು ಮುಟ್ಟುತ್ತಿಲ್ಲವೇ? ದಾವಣಗೆರೆ ಅಡುಗೆಮನೆಯಿಂದ ಒಂದು ಸಮಗ್ರ ಮಾರ್ಗದರ್ಶಿ

ನನ್ನ ಮಗಳಿಗೆ ಮೂರು ವರ್ಷವಿದ್ದಾಗ ಮೆಂತ್ಯ ಸೊಪ್ಪಿನ ಪಲ್ಯ ಕಂಡರೆ ಸಾಕು, ತಟ್ಟೆಯನ್ನೇ ದೂರ ತಳ್ಳುತ್ತಿದ್ದಳು. ಅನ್ನದ ಮೇಲೆ ಒಂದು ಎಲೆ ಬಿದ್ದರೂ ಆ ಅನ್ನವೇ ಬೇಡ. ಮಂಡಕ್ಕಿ ಕೊಟ್ಟರೆ ಮಾತ್ರ ಬಟ್ಟಲು ಖಾಲಿ. ನಾನು ಮಾಡದ ಪ್ರಯತ್ನ ಇಲ್ಲ. ಮೊಬೈಲ್ ಹಿಡಿದು ತುತ್ತಿಟ್ಟೆ. ಕಾಗಕ್ಕ ಗುಬ್ಬಕ್ಕನ ಕಥೆ ಹೇಳಿದೆ. ಗದರಿದೆ. "ಇದನ್ನು ತಿಂದರೆ ಚಾಕ್ಲೇಟ್" ಅಂದೆ. ನಮ್ಮತ್ತೆ ದೃಷ್ಟಿ ತೆಗೆದರು. ಊಟ ಅಂದರೆ ಮನೆಯಲ್ಲಿ ದಿನಾ ಎರಡು ಹೊತ್ತು ಅಳು, ಕೂಗು.

ಆಮೇಲೆ ಈ ವಿಷಯದ ಸಂಶೋಧನೆಗಳನ್ನು ಹುಡುಕಿ ಓದಲು ಶುರು ಮಾಡಿದೆ. ಮಕ್ಕಳಿಗೆ ಏನು ರುಚಿಸುತ್ತದೆ, ಯಾಕೆ ರುಚಿಸುತ್ತದೆ ಅಂತ ಸುಮಾರು ನೂರು ವರ್ಷದಿಂದ ಪ್ರಯೋಗಗಳು ನಡೆದಿವೆ. ಓದುತ್ತಾ ಹೋದಂತೆ ಒಂದು ವಿಷಯ ಮನಸ್ಸಿಗೆ ನಾಟಿತು. ರುಚಿಯನ್ನು ಮಗು ಬಹುಮಟ್ಟಿಗೆ ಕಲಿಯುತ್ತದೆ, ಮಾತು ಕಲಿತ ಹಾಗೆ. "ಅಮ್ಮ" ಅನ್ನುವುದನ್ನು ಹತ್ತು ಸಲ ತಪ್ಪು ಹೇಳಿದರೂ ನಾವು ಬೈಯುವುದಿಲ್ಲ, ಮತ್ತೆ ಮತ್ತೆ ಹೇಳಿಸುತ್ತೇವೆ. ಸೊಪ್ಪಿನ ವಿಷಯದಲ್ಲಿ ಮಾತ್ರ ಮೂರನೇ ಸಲಕ್ಕೇ "ಇದಕ್ಕೆ ಸೇರಲ್ಲ" ಅಂತ ತೀರ್ಮಾನ ಮಾಡಿಬಿಡುತ್ತೇವೆ.

ನನ್ನ ಮನೆಯಲ್ಲಿ ಕೆಲಸ ಮಾಡಿದ್ದನ್ನು, ಅದರ ಹಿಂದಿನ ಸಂಶೋಧನೆಯ ಜೊತೆ ಇಲ್ಲಿ ಬರೆದಿದ್ದೇನೆ. ಎರಡರಿಂದ ಹತ್ತು ವರ್ಷದ ಮಕ್ಕಳಿರುವ ಮನೆಗೆ ಇದು ಜಾಸ್ತಿ ಉಪಯೋಗ. ಕೊನೆಯಲ್ಲಿ ದೊಡ್ಡವರ ಬಗ್ಗೆಯೂ ಇದೆ.

ಮೊದಲು ಮಗುವಿನ ಕಡೆಯಿಂದ ನೋಡೋಣ

ಆಗ ತಾನೇ ಹುಟ್ಟಿದ ಕೂಸಿನ ನಾಲಿಗೆಗೆ ಸಿಹಿ ನೀರು ಮುಟ್ಟಿಸಿದರೆ ಮುಖ ಅರಳುತ್ತದೆ. ಕಹಿ ಮುಟ್ಟಿಸಿದರೆ ಮುಖ ಕಿವುಚುತ್ತದೆ, ಉಗುಳಲು ನೋಡುತ್ತದೆ. 1970ರ ದಶಕದಲ್ಲಿ ಇಸ್ರೇಲಿನ ಜೇಕಬ್ ಸ್ಟೈನರ್ ಇದನ್ನು ಫೋಟೊ ಸಮೇತ ದಾಖಲಿಸಿದರು. ಆ ಕೂಸಿಗೆ ಯಾರೂ ಇದನ್ನು ಹೇಳಿಕೊಟ್ಟಿರಲಿಲ್ಲ. ಸಿಹಿ ಅಂದರೆ ತಾಯಿಹಾಲು, ಶಕ್ತಿ. ಕಹಿ ಅಂದರೆ ಗಿಡಮರಗಳ ಲೋಕದಲ್ಲಿ ಎಷ್ಟೋ ಸಲ ವಿಷ. ಮೆಂತ್ಯ, ಹಾಗಲಕಾಯಿ ಬೇಡ ಅನ್ನುವ ಮಗು ಈ ಹಳೆಯ ಎಚ್ಚರಿಕೆಯನ್ನೇ ಪಾಲಿಸುತ್ತಿದೆ.

ಎರಡು ವರ್ಷದ ಹೊತ್ತಿಗೆ ಇನ್ನೊಂದು ಶುರುವಾಗುತ್ತದೆ. ನಿನ್ನೆವರೆಗೆ ಕೊಟ್ಟದ್ದನ್ನೆಲ್ಲ ತಿನ್ನುತ್ತಿದ್ದ ಮಗು ಇದ್ದಕ್ಕಿದ್ದಂತೆ ಹೊಸದು ಯಾವುದನ್ನೂ ಬಾಯಿಗೆ ಹಾಕುವುದಿಲ್ಲ. ಇದಕ್ಕೆ ಸಂಶೋಧಕರು ನಿಯೋಫೋಬಿಯಾ ಅನ್ನುತ್ತಾರೆ, ಅಂದರೆ ಹೊಸದರ ಭಯ. ಸಾಮಾನ್ಯವಾಗಿ ಎರಡರಿಂದ ಆರು ವರ್ಷದವರೆಗೆ ಇದು ಜೋರಾಗಿರುತ್ತದೆ. ಯೋಚಿಸಿ ನೋಡಿ, ಮಗು ಅಮ್ಮನ ಸೊಂಟದಿಂದ ಇಳಿದು ಹಿತ್ತಲಲ್ಲಿ ಒಂದೇ ಓಡಾಡುವ ವಯಸ್ಸು ಅದು. ಸಿಕ್ಕಿದ ಎಲೆ, ಕಾಯಿ ಎಲ್ಲ ಬಾಯಿಗೆ ಹಾಕಿದರೆ ಗತಿ ಏನು? ಈ ಭಯ ಅದನ್ನು ಕಾಯುತ್ತದೆ.

ಇದರಲ್ಲಿ ಹುಟ್ಟುಗುಣದ ಪಾಲು ದೊಡ್ಡದು. 2007ರಲ್ಲಿ ಬ್ರಿಟನ್ನಿನ ಲೂಸಿ ಕುಕ್ ಮತ್ತು ಸಂಗಡಿಗರು 8ರಿಂದ 11 ವರ್ಷದ ಐದು ಸಾವಿರಕ್ಕೂ ಹೆಚ್ಚು ಅವಳಿ ಜೋಡಿಗಳನ್ನು ನೋಡಿದರು. ಈ ಭಯದಲ್ಲಿ ಮಕ್ಕಳ ನಡುವೆ ಕಾಣುವ ವ್ಯತ್ಯಾಸದ ಶೇ 78ರಷ್ಟು ವಂಶವಾಹಿಯಿಂದ ಬರುತ್ತದೆ ಅಂತ ಲೆಕ್ಕ ಸಿಕ್ಕಿತು. ಇದನ್ನು ಓದಿದ ದಿನ ನನಗೆ ಎಷ್ಟು ಸಮಾಧಾನ ಆಯಿತು ಗೊತ್ತಾ? "ನೀನು ಸರಿಯಾಗಿ ರೂಢಿ ಮಾಡಿಸಿಲ್ಲ" ಅನ್ನುವ ಮಾತು ಕೇಳಿ ಕೇಳಿ ಸಾಕಾಗಿತ್ತು. ಹಾಗಂತ ಇದು ಹಣೆಬರಹ ಅಲ್ಲ. ಹುಟ್ಟಿನಿಂದ ಅಂಜುಗುಳಿಯಾದ ಮಗುವೂ ಈಜು ಕಲಿಯುತ್ತದೆ, ಸ್ವಲ್ಪ ಜಾಸ್ತಿ ದಿನ ಬೇಕಾಗುತ್ತದೆ ಅಷ್ಟೆ.

ನಾಲಿಗೆಯೂ ಎಲ್ಲರದ್ದೂ ಒಂದೇ ಅಲ್ಲ. 1931ರಲ್ಲಿ ಆರ್ಥರ್ ಫಾಕ್ಸ್ ಎಂಬ ರಸಾಯನ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಒಂದು ಪುಡಿ ಗಾಳಿಗೆ ಹಾರಿತು. ಪಕ್ಕದವರು ಬಾಯೆಲ್ಲ ಕಹಿ ಅಂದರು. ಫಾಕ್ಸ್‌ಗೆ ಏನೂ ಅನ್ನಿಸಲಿಲ್ಲ. ಅಲ್ಲಿಂದ ಕೆಲವು ಕಹಿಗಳು ಕೆಲವರಿಗೆ ಮಾತ್ರ ತಟ್ಟುತ್ತವೆ ಅನ್ನುವುದು ಬೆಳಕಿಗೆ ಬಂತು. ನಿಮಗೆ ಸಪ್ಪೆ ಅನ್ನಿಸಿದ್ದು ಮಗುವಿಗೆ ಕಹಿ ಇದ್ದರೂ ಇರಬಹುದು.

ಇನ್ನೊಂದು ಮಾತು ಅಜ್ಜಿಯರಿಗೆ ಹೇಳಬೇಕು. ಮೂರು ಕೆ.ಜಿ. ಹುಟ್ಟಿದ ಮಗು ವರ್ಷ ತುಂಬುವಾಗ ಸುಮಾರು ಒಂಬತ್ತು ಕೆ.ಜಿ. ಆಗುತ್ತದೆ, ಮೂರು ಪಟ್ಟು. ಎರಡನೇ ವರ್ಷದಲ್ಲಿ ಏರುವುದು ಎರಡು, ಎರಡೂವರೆ ಕೆ.ಜಿ. ಮಾತ್ರ. ಬೆಳವಣಿಗೆ ನಿಧಾನವಾದಾಗ ಹಸಿವೂ ಕಮ್ಮಿಯಾಗುತ್ತದೆ. "ಮೊದಲು ಎಷ್ಟು ಚೆನ್ನಾಗಿ ತಿನ್ನುತ್ತಿತ್ತು, ಈಗ ಏನಾಯ್ತೋ" ಅನ್ನುವ ಕಳವಳಕ್ಕೆ ಬಹಳಷ್ಟು ಮನೆಗಳಲ್ಲಿ ಕಾರಣ ಇದೇ.

ಹೆಜ್ಜೆ 1: ಒಂದು ವಾರ ಸುಮ್ನೆ ಬರೆದಿಡಿ

ಏನೂ ಬದಲಾಯಿಸಬೇಡಿ. ಒಂದು ನೋಟ್‌ಬುಕ್ ತೆಗೆದುಕೊಂಡು ಮಗು ಬಾಯಿಗೆ ಹಾಕಿದ್ದನ್ನೆಲ್ಲ ಬರೆಯಿರಿ. ಹೊತ್ತು, ಪದಾರ್ಥ, ಅಂದಾಜು ಎಷ್ಟು. ಪಕ್ಕದ ಮನೆಯಲ್ಲಿ ತಿಂದ ಬಿಸ್ಕತ್ತು, ಅಜ್ಜ ಕೊಟ್ಟ ಬಾಳೆಹಣ್ಣು, ಚಹಾದಲ್ಲಿ ಅದ್ದಿದ ಬ್ರೆಡ್ಡು, ಎಲ್ಲವೂ ಬರಲಿ.

ಬರೆದಾಗ ನನಗೆ ಎರಡು ವಿಷಯ ಕಾಣಿಸಿತು. ಒಂದು, ಊಟಕ್ಕೆ ಮುಂಚಿನ ಒಂದೂವರೆ ಗಂಟೆಯಲ್ಲೇ ಅವಳ ಹೊಟ್ಟೆ ತುಂಬುತ್ತಿತ್ತು. ಎರಡು, ಒಂದು ಹೊತ್ತು ಏನೂ ತಿನ್ನದವಳು ಇನ್ನೊಂದು ಹೊತ್ತು ಗಡದ್ದಾಗಿ ತಿನ್ನುತ್ತಿದ್ದಳು. ಅಮೆರಿಕದ ಮನೋವಿಜ್ಞಾನಿ ಲಿಯಾನ್ ಬರ್ಚ್ 1991ರಲ್ಲಿ ಇದನ್ನೇ ಅಳೆದು ತೋರಿಸಿದ್ದರು. ಎರಡರಿಂದ ಐದು ವರ್ಷದ 15 ಮಕ್ಕಳು ಆರು ದಿನ ತಿಂದದ್ದನ್ನು ಲೆಕ್ಕ ಹಾಕಿದಾಗ, ಒಂದೊಂದು ಊಟದಲ್ಲಿ ಏರಿಳಿತ ಶೇ 34ರ ಹತ್ತಿರ ಇತ್ತು. ಇಡೀ ದಿನದ ಶಕ್ತಿಯ ಲೆಕ್ಕದಲ್ಲಿ ಶೇ 10ರ ಆಸುಪಾಸು ಮಾತ್ರ. ಬೆಳಿಗ್ಗೆ ಬಿಟ್ಟದ್ದನ್ನು ಮಗುವಿನ ದೇಹವೇ ರಾತ್ರಿ ಸರಿದೂಗಿಸಿಕೊಳ್ಳುತ್ತದೆ. ಹಾಗಾಗಿ ಒಂದು ಊಟ ನೋಡಿ ಗಾಬರಿ ಬೀಳಬೇಡಿ. ವಾರದ ಪುಟ ನೋಡಿ.

ಹೆಜ್ಜೆ 2: ಹಸಿವಿಗೆ ಜಾಗ ಮಾಡಿ

ಹಸಿವು ರುಚಿ ಅರಿಯದು ಅಂತಾರಲ್ಲ, ಅದು ಮಕ್ಕಳಿಗೂ ನಿಜ. ಆದರೆ ನಮ್ಮೂರಲ್ಲಿ ಮಕ್ಕಳಿಗೆ ಹಸಿವಾಗಲು ಪುರುಸೊತ್ತೇ ಸಿಗುವುದಿಲ್ಲ. ಸಂಜೆ ಐದೂವರೆ ಆದರೆ ಓಣಿ ಓಣಿಯಲ್ಲಿ ಮಿರ್ಚಿ ಎಣ್ಣೆಗೆ ಬೀಳುತ್ತದೆ. ಮಂಡಕ್ಕಿ, ಮಿರ್ಚಿ, ಚಹಾ ಇಲ್ಲದೆ ದಾವಣಗೆರೆಯ ಸಂಜೆ ಇಲ್ಲ. ಅದನ್ನು ಬಿಡಿ ಅಂತ ನಾನು ಹೇಳಲ್ಲ, ನಾನೂ ಬಿಟ್ಟಿಲ್ಲ. ಆದರೆ ಏಳೂವರೆಗೆ ಊಟಕ್ಕೆ ಕೂರುವ ಮಗುವಿಗೆ ಆರೂವರೆಗೆ ಮಂಡಕ್ಕಿ ಕೊಟ್ಟರೆ ಪಲ್ಯ ಯಾರಿಗೆ ಬೇಕು?

ಮೂರು ಊಟ, ನಡುವೆ ಎರಡು ಸಣ್ಣ ತಿಂಡಿ. ಇವುಗಳ ನಡುವೆ ಎರಡೂವರೆಯಿಂದ ಮೂರು ಗಂಟೆ ಅಂತರ. ಆ ಅಂತರದಲ್ಲಿ ನೀರು ಮಾತ್ರ. ಹಾಲು, ಜ್ಯೂಸ್ ಕೂಡ ಹೊಟ್ಟೆ ತುಂಬಿಸುತ್ತವೆ. ನಮ್ಮ ಮನೆಯಲ್ಲಿ ಸಂಜೆಯ ತಿಂಡಿಯನ್ನು ಐದಕ್ಕೆ ಹಿಂದೆ ತಳ್ಳಿದೆ. ಒಂದು ಮುಷ್ಟಿ ಮಂಡಕ್ಕಿ, ಜೊತೆಗೆ ಹಣ್ಣು ಅಥವಾ ಬೇಯಿಸಿದ ಕಾಳು. ಇದೊಂದರಿಂದಲೇ ರಾತ್ರಿಯ ಜಗಳ ಅರ್ಧ ಕಡಿಮೆಯಾಯಿತು.

ಮಕ್ಕಳಿಗೆ ಚಹಾ ಬೇಡ. ಅದರಲ್ಲೂ ಊಟದ ಜೊತೆ ಬೇಡವೇ ಬೇಡ. ಚಹಾದ ಒಗರು ಅಂಶ ಸೊಪ್ಪು, ಕಾಳಿನಲ್ಲಿರುವ ಕಬ್ಬಿಣವನ್ನು ದೇಹಕ್ಕೆ ಸೇರಲು ಬಿಡುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ, ಆರು ತಿಂಗಳು ದಾಟಿದವರ ಪೈಕಿ, ಶೇ 67.1ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿದೆ. ಸೊಪ್ಪಿಗಾಗಿ ಇಷ್ಟು ಒದ್ದಾಡಿ, ಮೇಲೆ ಚಹಾ ಕುಡಿಸುವುದರಲ್ಲಿ ಅರ್ಥ ಇಲ್ಲ.

ಹೆಜ್ಜೆ 3: ಬಡಿಸುವುದು ನಿಮ್ಮ ಕೆಲಸ, ತಿನ್ನುವುದು ಮಗುವಿನ ಕೆಲಸ

ಈ ಹಂಚಿಕೆಯನ್ನು 1980ರ ದಶಕದಲ್ಲಿ ಎಲಿನ್ ಸ್ಯಾಟರ್ ಎಂಬ ಅಮೆರಿಕದ ಆಹಾರತಜ್ಞೆ ಬರೆದರು. ಏನು ಕೊಡಬೇಕು, ಯಾವಾಗ ಕೊಡಬೇಕು, ಎಲ್ಲಿ ಕೂತು ತಿನ್ನಬೇಕು, ಇದು ದೊಡ್ಡವರ ತೀರ್ಮಾನ. ತಿನ್ನಬೇಕೋ ಬೇಡವೋ, ಎಷ್ಟು ತಿನ್ನಬೇಕು, ಇದು ಮಗುವಿನ ತೀರ್ಮಾನ.

ಕೇಳಲು ಸುಲಭ. ಮಾಡಲು ನನಗೆ ತಿಂಗಳು ಹಿಡಿಯಿತು. ನಮ್ಮಲ್ಲಿ ಕೈತುತ್ತು ಅಂದರೆ ಪ್ರೀತಿ. ಐದು ವರ್ಷದ ಮಗುವಿನ ಹಿಂದೆ ತಟ್ಟೆ ಹಿಡಿದು ಓಡಾಡಿದರೂ ಅದು ಪ್ರೀತಿಯೇ. ಆದರೆ ಹೊಟ್ಟೆ ತುಂಬಿತು ಅನ್ನುವ ಸೂಚನೆ ಬರುವುದು ಮಗುವಿಗೆ, ನಮಗಲ್ಲ. ಅದು ತಲೆ ತಿರುಗಿಸಿದ ಮೇಲೂ "ಇದೊಂದು ತುತ್ತು ಅಪ್ಪಂದು, ಇದೊಂದು ಅಜ್ಜಿದು" ಅಂತ ಹಾಕುತ್ತಾ ಹೋದರೆ ಆ ಸೂಚನೆಯನ್ನು ಕೇಳುವುದನ್ನೇ ಮಗು ಮರೆಯುತ್ತದೆ. ಮೊಬೈಲ್ ತೋರಿಸಿ ತಿನ್ನಿಸುವಾಗಲೂ ಹಾಗೆಯೇ. ಬಾಯಿ ಅಗಿಯುತ್ತದೆ, ಗಮನ ಬೇರೆ ಕಡೆ. ಏನು ತಿಂದೆ ಅಂತ ಗೊತ್ತಿಲ್ಲದ ಮಗು ಆ ರುಚಿಯನ್ನು ಕಲಿಯುವುದಾದರೂ ಹೇಗೆ? ಕೈತುತ್ತು ಕೊಡಿ, ಎದುರಿಗೆ ಕೂತು ಕೊಡಿ, ಸಾಕು ಅಂದಾಗ ನಿಲ್ಲಿಸಿ.

ಮಕ್ಕಳ ಮೇಲೆ ಇಷ್ಟು ಭರವಸೆ ಇಡಬಹುದಾ ಅಂತ ಅನುಮಾನ ಬರುತ್ತದೆ. ಕ್ಲಾರಾ ಡೇವಿಸ್ ಎಂಬ ಅಮೆರಿಕದ ಮಕ್ಕಳ ವೈದ್ಯೆ ಇದನ್ನು 1920-30ರ ದಶಕದಲ್ಲೇ ನೋಡಿದರು. ಆಗ ತಾನೇ ಹಾಲು ಬಿಡಿಸಿದ 15 ಕೂಸುಗಳ ಮುಂದೆ ಮೂವತ್ತಕ್ಕೂ ಹೆಚ್ಚು ಪದಾರ್ಥಗಳ ಪಟ್ಟಿಯಿಂದ ಆಯ್ದು ಇಟ್ಟರು. ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ, ಬೇಕಾದ್ದನ್ನು ಬೇಕಾದಷ್ಟು ತಿನ್ನಲು ಬಿಟ್ಟರು. ಒಬ್ಬರಂತೆ ಇನ್ನೊಬ್ಬರು ತಿನ್ನಲಿಲ್ಲ. ಆದರೂ ಎಲ್ಲರೂ ಚೆನ್ನಾಗಿ ಬೆಳೆದರು. ಇದನ್ನು ಓದಿ "ಮಗು ಕೇಳಿದ್ದೇ ಕೊಡಬೇಕು" ಅಂದುಕೊಂಡವರು ಒಂದು ಮುಖ್ಯ ವಿಷಯ ಮರೆಯುತ್ತಾರೆ. ಆ ಪಟ್ಟಿಯಲ್ಲಿ ಸಕ್ಕರೆ ಇರಲಿಲ್ಲ, ಪ್ಯಾಕೆಟ್ ತಿಂಡಿ ಇರಲಿಲ್ಲ. ಇದ್ದದ್ದೆಲ್ಲ ಹಣ್ಣು, ತರಕಾರಿ, ಧಾನ್ಯ, ಹಾಲು, ಮೊಟ್ಟೆ, ಮಾಂಸ. ಗುಟ್ಟು ಪಟ್ಟಿಯಲ್ಲಿದೆ ಅಂತ ಡೇವಿಸ್ ಅವರೇ ಹೇಳಿದರು. ಪಟ್ಟಿ ನಮ್ಮ ಕೈಯಲ್ಲಿದೆ, ಅಲ್ವಾ?

ಬಡಿಸುವಾಗ ಒಂದು ನಿಯಮ ಇಟ್ಟುಕೊಳ್ಳಿ. ಮಗುವಿಗೆ ಖಂಡಿತ ಇಷ್ಟವಾಗುವ ಒಂದು ಪದಾರ್ಥ ಯಾವಾಗಲೂ ತಟ್ಟೆಯಲ್ಲಿರಲಿ. ಮೊಸರನ್ನವೋ, ರೊಟ್ಟಿಯೋ, ಹೆಸರುಕಾಳೋ. ಆಗ ಅದು ಉಪವಾಸ ಏಳುವುದಿಲ್ಲ. ಬೇರೆ ಅಡುಗೆ ಮಾಡಿಕೊಡುವ ಗೋಜಿಗೆ ಮಾತ್ರ ಹೋಗಬೇಡಿ.

ಹೆಜ್ಜೆ 4: ಹುಣಸೆ ಬೀಜದಷ್ಟು, ಹದಿನೈದು ಸಲ

ಉಳಿದದ್ದೆಲ್ಲ ಮರೆತರೂ ಇದೊಂದನ್ನು ಮಾಡಿ.

1982ರಲ್ಲಿ ಬರ್ಚ್ ಮತ್ತು ಡಯಾನ್ ಮಾರ್ಲಿನ್ ಎರಡು ವರ್ಷದ ಮಕ್ಕಳಿಗೆ ಹೊಸ ತಿನಿಸುಗಳ ರುಚಿ ತೋರಿಸಿದರು. ಕೆಲವನ್ನು ಎರಡು ಸಲ, ಕೆಲವನ್ನು ಐದು, ಹತ್ತು, ಹದಿನೈದು, ಇಪ್ಪತ್ತು ಸಲ. ಎಷ್ಟು ಜಾಸ್ತಿ ಸಲ ಬಾಯಿಗೆ ಹೋಯಿತೋ ಅಷ್ಟು ಇಷ್ಟ ಬೆಳೆಯಿತು. 1987ರ ಇನ್ನೊಂದು ಪ್ರಯೋಗದಲ್ಲಿ ಒಂದಿಷ್ಟು ತಿನಿಸುಗಳನ್ನು ಬರೀ ತೋರಿಸಿದರು, ಒಂದಿಷ್ಟನ್ನು ರುಚಿ ನೋಡಿಸಿದರು. ನೋಡಿದ್ದಕ್ಕೆ ಕಣ್ಣು ಒಗ್ಗಿತು, ನಾಲಿಗೆ ಒಗ್ಗಲಿಲ್ಲ. ನಾಲಿಗೆಗೆ ತಾಕಲೇಬೇಕು.

ಇದು ಪ್ರಯೋಗಾಲಯದ ಮಾತು ಮಾತ್ರ ಅಲ್ಲ. 2003ರಲ್ಲಿ ಬ್ರಿಟನ್ನಿನಲ್ಲಿ ಜೇನ್ ವಾರ್ಡಲ್ ಅವರ ತಂಡ ಅಪ್ಪ-ಅಮ್ಮಂದಿರ ಕೈಯಲ್ಲೇ ಇದನ್ನು ಮಾಡಿಸಿತು. ಎರಡರಿಂದ ಆರು ವರ್ಷದ ಮಕ್ಕಳು, ಅವರಿಗೆ ಇಷ್ಟವಿಲ್ಲದ ಒಂದು ತರಕಾರಿ, 14 ದಿನ, ದಿನಕ್ಕೊಂದು ಸಣ್ಣ ರುಚಿ. ಇನ್ನೊಂದು ಗುಂಪಿನ ತಂದೆ-ತಾಯಂದಿರಿಗೆ ಸಲಹೆ ಬರೆದ ಕಾಗದ ಮಾತ್ರ ಕೊಟ್ಟರು. ರುಚಿ ನೋಡಿದ ಮಕ್ಕಳಲ್ಲಿ ಇಷ್ಟವೂ ಬೆಳೆಯಿತು, ತಿನ್ನುವ ಪ್ರಮಾಣವೂ ಏರಿತು. ಸಲಹೆಯ ಕಾಗದದಿಂದ ಅಂಥ ಬದಲಾವಣೆ ಆಗಲಿಲ್ಲ.

ಮಾಡುವ ಕ್ರಮ ಹೀಗಿದೆ. ಒಂದೇ ಒಂದು ತರಕಾರಿ ಆರಿಸಿ. ತೀರಾ ಅಸಹ್ಯ ಪಡುವಂಥದ್ದು ಬೇಡ, "ಅಷ್ಟೇನೂ ಸೇರಲ್ಲ" ಅನ್ನುವಂಥದ್ದು ಇರಲಿ. ಹದಿನೈದು ದಿನ ಒಂದೇ ರೀತಿ ಮಾಡಿ. ಇವತ್ತು ಪಲ್ಯ, ನಾಳೆ ಸಾರು ಅಂತ ಬದಲಾಯಿಸಿದರೆ ಪ್ರತಿ ದಿನವೂ ಮೊದಲ ದಿನವೇ. ಹುಣಸೆ ಬೀಜದಷ್ಟು ಗಾತ್ರ ಸಾಕು. ಊಟದ ಶುರುವಿನಲ್ಲಿ, ಹಸಿವಿರುವಾಗ ಕೊಡಿ. "ರುಚಿ ನೋಡ್ತೀಯಾ?" ಅಂತ ಒಂದೇ ಸಲ ಕೇಳಿ. ನಾಲಿಗೆಗೆ ತಾಗಿಸಿ ಉಗುಳಿದರೂ ಒಂದು ಲೆಕ್ಕ. ಪಕ್ಕದಲ್ಲಿ ಸಣ್ಣ ಬಟ್ಟಲು ಇಡಿ, ಉಗುಳಲು ಅನುಮತಿ ಇದೆ ಅಂತ ಗೊತ್ತಾದರೆ ಮಗು ಧೈರ್ಯವಾಗಿ ಬಾಯಿಗೆ ಹಾಕುತ್ತದೆ. ಬೇಡ ಅಂದರೆ "ಸರಿ" ಅನ್ನಿ. ಆ ಪುಟ್ಟ ಸರಿಯಲ್ಲೇ ನಾಳೆಯ ಅವಕಾಶ ಇದೆ. ಮಾತು ಅಲ್ಲಿಗೆ ಮುಗಿಯಲಿ. ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಎಳೆಯಿರಿ.

ನನ್ನ ಮಗಳ ಮೆಂತ್ಯದ ಪುಟ ಇನ್ನೂ ಇದೆ. ಮೊದಲ ಐದು ದಿನ ಬಾಯಿಯೇ ತೆರೆಯಲಿಲ್ಲ. ಆರನೇ ದಿನ ನೆಕ್ಕಿದಳು. ಒಂಬತ್ತನೇ ದಿನ ಅಗಿದು ಉಗುಳಿದಳು. ಹನ್ನೆರಡಕ್ಕೆ ನುಂಗಿದಳು, ಮುಖ ಹಿಂಡಿಕೊಂಡು. ಹದಿನಾರನೇ ದಿನ ರೊಟ್ಟಿಗೆ ತಾನೇ ಹಚ್ಚಿಕೊಂಡಳು. ನಾನು ಒಲೆ ಕಡೆ ತಿರುಗಿಕೊಂಡು ಕಣ್ಣು ಒರೆಸಿಕೊಂಡೆ. ಎಲ್ಲ ತರಕಾರಿಯೂ ಹೀಗೆ ಒಲಿಯಲಿಲ್ಲ. ಹಾಗಲಕಾಯಿ ಇಪ್ಪತ್ತು ಸಲ ದಾಟಿದರೂ ಆಗಲಿಲ್ಲ. ಬಿಟ್ಟೆ. ಆರು ತಿಂಗಳಾದ ಮೇಲೆ ಮತ್ತೆ ನೋಡಬಹುದು.

ಹೆಜ್ಜೆ 5: ಗೊತ್ತಿರುವ ರುಚಿಯ ಕೈ ಹಿಡಿಸಿ

ಹೊಸ ಪದಾರ್ಥ ಹಳೆಯ ರುಚಿಯ ಜೊತೆ ಬಂದರೆ ಮಗು ಬೇಗ ಒಪ್ಪುತ್ತದೆ. ಈ ವಿಷಯದಲ್ಲಿ ನಮ್ಮ ಸೀಮೆ ಪುಣ್ಯ ಮಾಡಿದೆ. 1997ರವರೆಗೆ ದಾವಣಗೆರೆ, ಚಿತ್ರದುರ್ಗ ಎರಡೂ ಒಂದೇ ಜಿಲ್ಲೆ. ಇತ್ತ ಹರಿಹರದ ಕಡೆಯಿಂದ ಜೋಳದ ರೊಟ್ಟಿ, ಅತ್ತ ಚಳ್ಳಕೆರೆ, ಹಿರಿಯೂರಿನ ಕಡೆಯಿಂದ ರಾಗಿ ಮುದ್ದೆ, ನಡುವೆ ಭದ್ರಾ ಕಾಲುವೆಯ ಭತ್ತದ ಅನ್ನ. ಒಂದೇ ಮನೆಯಲ್ಲಿ ಮೂರೂ ಬೇಯುತ್ತವೆ. ನನ್ನ ತವರು ರೊಟ್ಟಿಯದು, ಗಂಡನ ಮನೆ ಮುದ್ದೆಯದು.

ನಮ್ಮ ಮನೆಯಲ್ಲಿ ಸೇತುವೆಯಾದದ್ದು ಶೇಂಗಾ ಚಟ್ನಿಪುಡಿ. ರಾಜಗಿರಿ ಸೊಪ್ಪಿನ ಪಲ್ಯದ ಮೇಲೆ ಒಂದು ಚಮಚ ಉದುರಿಸಿ, ಬೆಣ್ಣೆ ಸವರಿದ ರೊಟ್ಟಿಯಲ್ಲಿ ಸುರುಳಿ ಸುತ್ತಿ ಕೊಟ್ಟೆ. ವಾರ ಕಳೆದಂತೆ ಪುಡಿ ಕಮ್ಮಿ ಮಾಡುತ್ತಾ ಬಂದೆ. ಮುದ್ದೆ ಒಲ್ಲದ ಮಗುವಿಗೆ ಮೊದಲು ಬೆಲ್ಲ, ಹಾಲು ಹಾಕಿದ ರಾಗಿ ಅಂಬಲಿ ಕೊಡಿ. ನಂತರ ಗೋಲಿಯಷ್ಟು ಮುದ್ದೆಯನ್ನು ಅದಕ್ಕೆ ಇಷ್ಟವಾದ ಬೇಳೆ ಸಾರಿನಲ್ಲಿ ಅದ್ದಿ ಕೊಡಿ. ಸೊಪ್ಪನ್ನು ರುಬ್ಬಿ ದೋಸೆ ಹಿಟ್ಟಿಗೆ ಬೆರೆಸಿ ಮರೆಮಾಚುವುದು ಹೊಟ್ಟೆಗೆ ಒಳ್ಳೆಯದೇ. ಆದರೆ ಸೊಪ್ಪನ್ನು ಸೊಪ್ಪಾಗಿ ತಿನ್ನುವುದನ್ನು ಅದು ಕಲಿಸುವುದಿಲ್ಲ. ಎರಡನ್ನೂ ಮಾಡಿ.

ಶೇಂಗಾ ಬಗ್ಗೆ ಒಂದು ಎಚ್ಚರಿಕೆ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜ ಕೊಡಬೇಡಿ, ಶ್ವಾಸನಾಳಕ್ಕೆ ಸಿಕ್ಕಿಕೊಳ್ಳುತ್ತದೆ. ಪುಡಿ ಅಥವಾ ಚಟ್ನಿ ಮಾಡಿ.

ಖಾರದ ಕಥೆ ಇಲ್ಲಿ ಹೇಳಲೇಬೇಕು. ಮೆಣಸಿನಕಾಯಿ ನಾಲಿಗೆ ಸುಡುತ್ತದೆ, ಹುಟ್ಟಿನಿಂದ ಅದನ್ನು ಇಷ್ಟಪಡುವ ಮಗು ಇಲ್ಲ. ಪಾಲ್ ರೋಜಿನ್ ಎಂಬ ಮನೋವಿಜ್ಞಾನಿ ಮೆಕ್ಸಿಕೋದ ಒಂದು ಹಳ್ಳಿಗೆ ಹೋಗಿ ಇದನ್ನು ಅಧ್ಯಯನ ಮಾಡಿ 1980ರಲ್ಲಿ ಪ್ರಕಟಿಸಿದರು. ಅಲ್ಲಿ ಯಾರೂ ಮಕ್ಕಳಿಗೆ ಖಾರ ತಿನ್ನು ಅಂತ ಒತ್ತಾಯ ಮಾಡುತ್ತಿರಲಿಲ್ಲ. ದೊಡ್ಡವರು ದಿನಾ ತಿನ್ನುತ್ತಿದ್ದರು, ಮಕ್ಕಳಿಗೆ ಸ್ವಲ್ಪ ಸ್ವಲ್ಪ ಸಿಗುತ್ತಿತ್ತು. ಕೆಲವು ವರ್ಷಗಳಲ್ಲಿ ಮಕ್ಕಳೇ ಕೇಳಿ ಹಾಕಿಸಿಕೊಳ್ಳುತ್ತಿದ್ದರು. ನಮ್ಮ ಮಿರ್ಚಿಯೂ ಹಾಗೇ ತಾನೇ? ಯಾವ ತಾಯಿಯೂ ಮಗುವಿಗೆ ಬಲವಂತವಾಗಿ ಮಿರ್ಚಿ ತಿನ್ನಿಸಿಲ್ಲ. ಆದರೂ ಹತ್ತು ವರ್ಷದ ಹುಡುಗ ಎರಡು ಮಿರ್ಚಿ ಕಚ್ಚಿ ತಿನ್ನುತ್ತಾನೆ.

ಹೆಜ್ಜೆ 6: ಲಂಚ ಬೇಡ, ಒತ್ತಾಯ ಬೇಡ

"ಪಲ್ಯ ತಿಂದರೆ ಚಾಕ್ಲೇಟ್" ಅಂದಾಗ ಮಗುವಿನ ಕಿವಿಗೆ ಬೀಳುವುದು ಬೇರೆ. ಚಾಕ್ಲೇಟ್ ಬಹುಮಾನ, ಪಲ್ಯ ಅದಕ್ಕೆ ಕಟ್ಟಬೇಕಾದ ದಂಡ. 1984ರಲ್ಲಿ ಬರ್ಚ್ ತಂಡ ಮಕ್ಕಳಿಗೆ ಕೆಫೀರ್ ಎಂಬ, ಮಜ್ಜಿಗೆಯಂಥ ಪಾನೀಯ ಕುಡಿದರೆ ಬಹುಮಾನ ಕೊಟ್ಟಿತು. ಬಹುಮಾನಕ್ಕಾಗಿ ಕುಡಿದ ಮಕ್ಕಳಿಗೆ ಆ ಪಾನೀಯದ ಮೇಲಿನ ಇಷ್ಟ ಇಳಿಯಿತು. 2006ರಲ್ಲಿ ಎಮಿ ಗ್ಯಾಲೊವೇ ಮತ್ತು ಸಂಗಡಿಗರು ಪುಟ್ಟ ಮಕ್ಕಳಿಗೆ ಸೂಪ್ ಕೊಟ್ಟು, ಒಂದು ಸೂಪಿಗೆ ಮಾತ್ರ "ಕುಡಿದು ಮುಗಿಸು" ಅಂತ ಹೇಳುತ್ತಾ ಬಂದರು. ಒತ್ತಾಯ ಇಲ್ಲದಿದ್ದಾಗಲೇ ಮಕ್ಕಳು ಜಾಸ್ತಿ ಕುಡಿದರು. ಒತ್ತಾಯ ಇದ್ದ ಸೂಪಿನ ಬಗ್ಗೆ ದೂರೂ ಜಾಸ್ತಿ.

ಆದರೆ ಎಲ್ಲ ಬಹುಮಾನವೂ ಕೆಟ್ಟದ್ದಲ್ಲ. ಕುಕ್ ತಂಡ 2011ರಲ್ಲಿ 4ರಿಂದ 6 ವರ್ಷದ ಮಕ್ಕಳಿಗೆ, ಇಷ್ಟವಿಲ್ಲದ ತರಕಾರಿಯ ರುಚಿ ನೋಡಿದ್ದಕ್ಕೆ ಒಂದು ಸ್ಟಿಕ್ಕರ್ ಅಥವಾ ಶಭಾಷ್‌ಗಿರಿ ಕೊಟ್ಟಿತು. ಇಷ್ಟ ಇಳಿಯಲಿಲ್ಲ, ಮೂರು ತಿಂಗಳಾದರೂ ಆ ಮಕ್ಕಳು ತಿನ್ನುತ್ತಿದ್ದರು. ಹಾಗಾಗಿ ನನ್ನ ನಿಯಮ ಇಷ್ಟು. ತಿನಿಸನ್ನು ಬಹುಮಾನ ಮಾಡಬೇಡಿ. ರುಚಿ ನೋಡಿದ ಧೈರ್ಯಕ್ಕೆ ಸ್ಟಿಕ್ಕರ್ ಕೊಡಬಹುದು. ತಟ್ಟೆ ಖಾಲಿ ಮಾಡಿದ್ದಕ್ಕೆ ಏನೂ ಬೇಡ.

ಹೆಜ್ಜೆ 7: ಬೆಣ್ಣೆ ದೋಸೆಗೆ ದಿನ ಗೊತ್ತು ಮಾಡಿ

ಪೂರ್ತಿ ನಿಷೇಧ ಉಲ್ಟಾ ಹೊಡೆಯುತ್ತದೆ. 1999ರಲ್ಲಿ ಜೆನಿಫರ್ ಫಿಶರ್ ಮತ್ತು ಬರ್ಚ್ ಒಂದು ತಿನಿಸನ್ನು ಮಕ್ಕಳ ಕಣ್ಣೆದುರೇ ಇಟ್ಟು, ಸ್ವಲ್ಪ ಹೊತ್ತು ಮಾತ್ರ ತಿನ್ನಲು ಬಿಟ್ಟರು. ಅದರ ಮೇಲೆಯೇ ಮಾತು, ಅದರ ಮೇಲೆಯೇ ಕಣ್ಣು. ತಡೆ ಬಿದ್ದಷ್ಟೂ ಆಸೆ ಬೆಳೆಯಿತು.

ದಾವಣಗೆರೆಯಲ್ಲಿ ಹುಟ್ಟಿದ ಮಗುವಿಗೆ ಬೆಣ್ಣೆ ದೋಸೆ ಬೇಡ ಅನ್ನುವುದು ನನ್ನಿಂದ ಆಗದ ಕೆಲಸ. ನಮ್ಮ ಮನೆಯಲ್ಲಿ ಭಾನುವಾರ ಬೆಳಿಗ್ಗೆ ದೋಸೆ. ಬೆಣ್ಣೆ, ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ ಎಲ್ಲ ಇರುತ್ತದೆ, ಖುಷಿಯಿಂದ ತಿನ್ನುತ್ತೇವೆ. ಉಳಿದ ದಿನ ಕೇಳಿದರೆ "ಭಾನುವಾರ" ಅನ್ನುವುದು ಉತ್ತರ. ಗಲಾಟೆ ಇಲ್ಲ, ಯಾಕೆಂದರೆ ಭಾನುವಾರ ಬಂದೇ ಬರುತ್ತದೆ ಅಂತ ಅವಳಿಗೆ ಗೊತ್ತು. ಪ್ಯಾಕೆಟ್ ತಿಂಡಿಯದು ಇನ್ನೂ ಸುಲಭ. ಮನೆಗೆ ತಂದು ಅಟ್ಟದಲ್ಲಿ ಬಚ್ಚಿಡಬೇಡಿ. ತರಲೇ ಬೇಡಿ.

ಹೆಜ್ಜೆ 8: ಒಟ್ಟಿಗೆ ಕೂತು ಉಣ್ಣಿ

1980ರಲ್ಲಿ ಬರ್ಚ್ ಒಂದು ಮಗುವನ್ನು, ಅದಕ್ಕೆ ಸೇರದ ತರಕಾರಿಯನ್ನು ಇಷ್ಟಪಟ್ಟು ತಿನ್ನುವ ಮಕ್ಕಳ ನಡುವೆ ಊಟಕ್ಕೆ ಕೂರಿಸಿದರು. ಕೆಲವೇ ದಿನಗಳಲ್ಲಿ ಆ ಮಗುವೂ ಅದನ್ನೇ ಆರಿಸತೊಡಗಿತು. ಮನೆಯಲ್ಲಿ ಸಾರು ಮುಟ್ಟದ ಮಗು ಅಂಗನವಾಡಿಯಲ್ಲಿ, ಶಾಲೆಯ ಬಿಸಿಯೂಟದಲ್ಲಿ, ಮದುವೆಯ ಪಂಕ್ತಿಯಲ್ಲಿ ಗಪಗಪ ತಿನ್ನುವುದು ಇದಕ್ಕೇ. ಚೆನ್ನಾಗಿ ಉಣ್ಣುವ ದೊಡ್ಡಪ್ಪನ ಮಕ್ಕಳನ್ನು ರಜೆಗೆ ಕರೆಸಿಕೊಳ್ಳಿ. ಅವರ ಪಕ್ಕದಲ್ಲಿ ಕೂರಿಸಿ, ನೀವು ಏನೂ ಹೇಳಬೇಡಿ.

ದೊಡ್ಡವರ ತಟ್ಟೆಯಲ್ಲೂ ಅದೇ ಪಲ್ಯ ಇರಬೇಕು. ನಮ್ಮ ಮನೆಗಳಲ್ಲಿ ತಾಯಿ ಎಲ್ಲರಿಗೂ ಬಡಿಸಿ ಕೊನೆಗೆ ಒಬ್ಬಳೇ ಉಣ್ಣುತ್ತಾಳೆ. ಅಮ್ಮ ಸೊಪ್ಪು ತಿನ್ನುವುದನ್ನು ಮಗು ನೋಡುವುದೇ ಇಲ್ಲ. ಇದು ನನಗೆ ತುಂಬಾ ತಡವಾಗಿ ಹೊಳೆಯಿತು. ಈಗ ಪಾತ್ರೆಗಳನ್ನು ನಡುವೆ ಇಟ್ಟು ಎಲ್ಲರೂ ಒಟ್ಟಿಗೆ ಕೂರುತ್ತೇವೆ. ಬೇಕಾದವರು ಬಡಿಸಿಕೊಳ್ಳುತ್ತಾರೆ.

ಇನ್ನೂ ಪುಟ್ಟ ಕೂಸು ಇದ್ದರೆ

ನಿಮ್ಮ ಕೆಲಸ ಸುಲಭ. 2001ರಲ್ಲಿ ಜೂಲಿ ಮೆನೆಲ್ಲಾ ತಂಡ ಬಸುರಿಯರಿಗೆ ಅಥವಾ ಹಾಲೂಡಿಸುವ ತಾಯಂದಿರಿಗೆ ವಾರಕ್ಕೆ ನಾಲ್ಕು ದಿನದಂತೆ ಮೂರು ವಾರ ಕ್ಯಾರೆಟ್ ರಸ ಕುಡಿಸಿತು. ಮುಂದೆ ಆ ಕೂಸುಗಳು ಕ್ಯಾರೆಟ್ ರುಚಿಯ ಗಂಜಿಯನ್ನು ಮುಖ ಸಿಂಡರಿಸದೆ ತಿಂದವು. ಬಾಣಂತಿಗೆ ಅನ್ನ, ಸಪ್ಪೆ ಸಾರು ಮಾತ್ರ ಕೊಡುವ ಪದ್ಧತಿ ಇರುವ ಮನೆಗಳಲ್ಲಿ ಇದನ್ನು ದಯವಿಟ್ಟು ಹೇಳಿ. ತಾಯಿ ಬಗೆಬಗೆಯಾಗಿ ಉಂಡರೆ ಕೂಸಿನ ಪಾಠ ಆಗಲೇ ಶುರು. ಆರು ತಿಂಗಳು ತುಂಬಿದ ಮೇಲೆ ಮೇಲಾಹಾರ ಆರಂಭಿಸಿ, ಎರಡು ವರ್ಷದ ಒಳಗೆ ಆದಷ್ಟು ಬಗೆಯ ಸೊಪ್ಪು, ಕಾಳು, ತರಕಾರಿಯ ರುಚಿ ತೋರಿಸಿಬಿಡಿ. ಹೊಸದರ ಭಯ ಶುರುವಾಗುವ ಮುಂಚೆ ಬಾಗಿಲು ಅಗಲವಾಗಿ ತೆರೆದಿರುತ್ತದೆ. ಒಂದು ವರ್ಷದೊಳಗೆ ಜೇನುತುಪ್ಪ ಮಾತ್ರ ಬೇಡ.

ಯಾವಾಗ ವೈದ್ಯರ ಹತ್ತಿರ ಹೋಗಬೇಕು

ತೂಕ ಇಳಿಯುತ್ತಿದ್ದರೆ ಅಥವಾ ತಿಂಗಳುಗಟ್ಟಲೆ ಏರದಿದ್ದರೆ. ನುಂಗುವಾಗ ಪದೇ ಪದೇ ಕೆಮ್ಮು, ಉಸಿರುಗಟ್ಟುವುದು, ವಾಂತಿ ಇದ್ದರೆ. ತಿನ್ನುವ ಪದಾರ್ಥಗಳ ಪಟ್ಟಿ ದಿನೇ ದಿನೇ ಚಿಕ್ಕದಾಗುತ್ತಿದ್ದರೆ. ಬಳಪ, ಮಣ್ಣು, ಸುಣ್ಣ ತಿನ್ನುತ್ತಿದ್ದರೆ ಬೈಯಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಕಬ್ಬಿಣದ ಕೊರತೆಯಲ್ಲಿ ಇದು ಸಾಮಾನ್ಯ. ಕೆಲವು ಮಕ್ಕಳಿಗೆ ಊಟದ ತೊಂದರೆ ಹಟಕ್ಕಿಂತ ತುಂಬಾ ಆಳವಾಗಿರುತ್ತದೆ. 2013ರಿಂದ ಮನೋವೈದ್ಯಕೀಯದ ಕೈಪಿಡಿಯಲ್ಲೂ ಅದಕ್ಕೆ ಪ್ರತ್ಯೇಕ ಹೆಸರು ಇದೆ. ಅಂಥ ಮಗುವಿಗೆ ಈ ಹೆಜ್ಜೆಗಳು ಸಾಲವು, ನುರಿತವರ ಸಹಾಯ ಬೇಕು.

ಇನ್ನು ದೊಡ್ಡವರು

ನಮ್ಮ ಇಷ್ಟಾನಿಷ್ಟಗಳೂ ಕಲಿತವೇ. ಹತ್ತನೇ ತರಗತಿಯಲ್ಲಿದ್ದಾಗ ಒಂದು ಮದುವೆಯಲ್ಲಿ ಬದನೆಕಾಯಿ ಎಣ್ಣೆಗಾಯಿ ತಿಂದ ರಾತ್ರಿ ನನಗೆ ಜ್ವರ, ವಾಂತಿ. ಮನೆಯಲ್ಲಿ ಆಗಲೇ ಇಬ್ಬರಿಗೆ ಜ್ವರ ಇತ್ತು, ಬದನೆಕಾಯಿಯ ತಪ್ಪೇನೂ ಇರಲಿಲ್ಲ. ಆದರೂ ಹನ್ನೆರಡು ವರ್ಷ ಅದರ ವಾಸನೆಗೇ ಹೊಟ್ಟೆ ತೊಳೆಸುತ್ತಿತ್ತು. ಜಾನ್ ಗಾರ್ಸಿಯಾ ಎಂಬ ವಿಜ್ಞಾನಿ 1955ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿದರು. ರುಚಿಯ ಬೆನ್ನಿಗೇ ಹೊಟ್ಟೆ ಕೆಟ್ಟರೆ, ಕಾರಣ ಬೇರೆಯೇ ಇದ್ದರೂ ದೇಹ ಆ ರುಚಿಯನ್ನೇ ದೂರುತ್ತದೆ. ಮಕ್ಕಳಿಗೆ ಹುಷಾರಿಲ್ಲದಾಗ ಹೊಸ ತರಕಾರಿ ಕೊಡಬಾರದು ಅನ್ನುವುದೂ ಇದರಿಂದಲೇ ತಿಳಿಯುತ್ತದೆ.

ಎಷ್ಟು ತಿನ್ನುತ್ತೇವೆ ಅನ್ನುವುದನ್ನು ತಟ್ಟೆಗೆ ಬಿದ್ದದ್ದೂ ನಿರ್ಧರಿಸುತ್ತದೆ. ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರ 2000ದ ಪ್ರಯೋಗದಲ್ಲಿ ದೊಡ್ಡ ಪಾಲು ಬಡಿಸಿದಾಗ ಐದು ವರ್ಷದ ಮಕ್ಕಳು ಜಾಸ್ತಿ ತಿಂದರು, ಮೂರು ವರ್ಷದ ಆಸುಪಾಸಿನವರು ಹೊಟ್ಟೆಗೆ ಬೇಕಾದಷ್ಟೇ ತಿಂದರು. 2019ರಲ್ಲಿ ಅಮೆರಿಕದ ಕೆವಿನ್ ಹಾಲ್ ತಂಡ 20 ಮಂದಿ ದೊಡ್ಡವರಿಗೆ ಎರಡು ವಾರ ಕಾರ್ಖಾನೆಯ ಸಿದ್ಧ ಆಹಾರ, ಎರಡು ವಾರ ಸಹಜ ಆಹಾರ ಕೊಟ್ಟು ಬೇಕಾದಷ್ಟು ತಿನ್ನಲು ಬಿಟ್ಟಿತು. ಸಿದ್ಧ ಆಹಾರದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು.

ಈ ಕ್ಷೇತ್ರದಲ್ಲಿ ಓದಿದ್ದೆಲ್ಲವನ್ನೂ ನಂಬುವ ಹಾಗಿಲ್ಲ ಅನ್ನುವುದನ್ನೂ ಹೇಳಬೇಕು. ಊಟದ ವರ್ತನೆಯ ಬಗ್ಗೆ ಬಹಳ ಹೆಸರು ಮಾಡಿದ್ದ ಅಮೆರಿಕದ ಒಬ್ಬ ಸಂಶೋಧಕರ ಆರು ಲೇಖನಗಳನ್ನು 2018ರಲ್ಲಿ ಜಾಮಾ ಎಂಬ ಬಳಗದ ವೈದ್ಯಕೀಯ ಸಂಶೋಧನಾ ಪತ್ರಿಕೆಗಳು ಹಿಂಪಡೆದವು. ಹಾಗಾಗಿ ಒಂದೇ ಪ್ರಯೋಗ ನಂಬಿ ನಾನು ಏನನ್ನೂ ಶುರು ಮಾಡಿಲ್ಲ. ಪದೇ ಪದೇ ರುಚಿ ತೋರಿಸುವ ವಿಧಾನವನ್ನು ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ತಂಡಗಳು ನೋಡಿವೆ. ಅದಕ್ಕೇ ಅದನ್ನು ಇಷ್ಟು ಒತ್ತಿ ಹೇಳಿದ್ದು.

ಬದನೆಕಾಯಿಗೆ ನಾನೂ ಅದೇ ಹಾದಿ ಹಿಡಿದೆ. ಹುಣಸೆ ಬೀಜದಷ್ಟು, ಅತ್ತೆ ಮಾಡಿದ ಎಣ್ಣೆಗಾಯಿಯ ಮಸಾಲೆಯ ಜೊತೆ, ರೊಟ್ಟಿಯ ಕೊನೆಯ ಚೂರಿನಲ್ಲಿ. ಮಗಳು ಪಕ್ಕದಲ್ಲಿ ನೋಟ್‌ಬುಕ್ ಹಿಡಿದು ಗೆರೆ ಎಳೆಯುತ್ತಿದ್ದಳು. "ಅಮ್ಮ, ಬೇಡ ಅಂದ್ರೆ ಉಗುಳಬಹುದು" ಅಂತ ಬಟ್ಟಲನ್ನೂ ತಂದಿಟ್ಟಿದ್ದಳು. ಹನ್ನೊಂದನೇ ಗೆರೆಯ ದಿನ ಆ ಬಟ್ಟಲು ಬೇಕಾಗಲಿಲ್ಲ.